ಮಗಳ ಎಲ್‌ಪಿಸಿ

ಸರ್ಕಾರಿ ನೌಕರರು ಒಂದೂರಿನಿಂದ ಇನ್ನೊಂದೂರಿಗೆ ವರ್ಗವಾದಾಗ ಅವರ ಬೆನ್ನಿಗೇ ಒಂದು ಹಾಳೆಯೂ ಹೊರಡುತ್ತದೆ. ಕೊನೆಯ ವೇತನ ಪ್ರಮಾಣಪತ್ರ ಎಂದು ಅದರ ಪೂರ್ಣ ಹೆಸರು. ಕಚೇರಿಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಎಲ್‌ಪಿಸಿ ಎನ್ನುತ್ತಾರೆ. ಮೂಲ ವೇತನ ಎಷ್ಟು, ತುಟ್ಟಿ ಭತ್ಯೆ ಎಷ್ಟು, ಸರ್ಕಾರಿ ನೌಕರರ ವಿಮೆಯಾದ ಕೆಜಿಐಡಿಗೆ ಎಷ್ಟು ಕಡಿತವಾಗುತ್ತಿದೆ, ಹಬ್ಬದ ಮುಂಗಡ ಪಡೆದಿದ್ದರೆ ಎಷ್ಟು ಕಂತು ತೀರಿದೆ, ಯಾವ ತಾರೀಖಿನವರೆಗೆ ಸಂಬಳ ಪಾವತಿಯಾಗಿದೆ ಎಂಬುದೆಲ್ಲ ಅದರಲ್ಲಿ ರೂಪಾಯಿ ರೂಪಾಯಿಯಾಗಿ ಬರೆದಿರುತ್ತದೆ. ಅದು ಕೈಸೇರದೆ ಹೊಸ ಕಚೇರಿಯವರು ಸಂಬಳದ ಬಿಲ್ಲು ಮಾಡುವುದಿಲ್ಲ. ನೌಕರನು ಎಲ್ಲಿಗೆ ನಿಲ್ಲಿಸಿದ್ದನೋ ಅಲ್ಲಿಂದಲೇ ಮುಂದುವರಿಯಬೇಕು ಎಂಬುದು ಆ ಹಾಳೆಯ ಉದ್ದೇಶ. ಖಜಾನೆ ಇಲಾಖೆಯಲ್ಲಿ ಹದಿನಾಲ್ಕು ವರ್ಷ ಇಂಥ ಹಾಳೆಗಳನ್ನು ತಿರುವಿಹಾಕಿದ ನನಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ನನಗೇ ವರ್ಗವಾಗಿ, ನನ್ನ ಎಲ್‌ಪಿಸಿಯ ಪಕ್ಕದಲ್ಲಿ ಮಗಳ ಟಿಸಿಯನ್ನು ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತ ದಿನವೇ ಮೊದಲ ಸಲ ಎರಡನ್ನೂ ಹೋಲಿಸಿ ನೋಡಿದೆ.

ಟಿಸಿಯಲ್ಲಿ ಹೆಸರಿತ್ತು, ತಂದೆತಾಯಿಯ ಹೆಸರಿತ್ತು, ಧರ್ಮ, ಜಾತಿ, ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಹುಟ್ಟಿದ ದಿನಾಂಕ, ಶಾಲೆಗೆ ಸೇರಿದ ದಿನ, ಬಿಟ್ಟ ದಿನ, ಓದುತ್ತಿದ್ದ ತರಗತಿ ಇದ್ದವು. ಶಾಲೆ ಬಿಡಲು ಕಾರಣ: ಪೋಷಕರ ವರ್ಗಾವಣೆ. ನಡತೆ: ಉತ್ತಮ. ಹುಡುಗಿಗೆ ಏನು ಗೊತ್ತು, ಯಾವ ಮೆಟ್ಟಿಲಲ್ಲಿ ನಿಂತಿದ್ದಾಳೆ ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಮ್ಮನ ಹಬ್ಬದ ಮುಂಗಡದ ಉಳಿದ ಕಂತಿಗೆ ಇದ್ದ ಜಾಗ ಮಗಳ ಗಣಿತಕ್ಕೆ ಇರಲಿಲ್ಲ.

ಅವಳು ಅಲ್ಲಿಯವರೆಗೆ ಓದಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ. ನಲಿ-ಕಲಿ ಎಂಬ ಪದ್ಧತಿ ಹುಟ್ಟಿದ್ದೇ ಆ ತಾಲ್ಲೂಕಿನಲ್ಲಿ. 1995ರಲ್ಲಿ ಅಲ್ಲಿನ ಶಿಕ್ಷಕರು ಕೆಲವರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡು ಬಂದು, ಯುನಿಸೆಫ್ ನೆರವಿನಿಂದ ತಮ್ಮ ಶಾಲೆಗಳಿಗೆ ಹೊಂದುವಂತೆ ಅದನ್ನು ಕಟ್ಟಿಕೊಂಡರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ನಲಿ-ಕಲಿ ಕೊಠಡಿಯನ್ನು ನೋಡದವರಿಗೆ ಒಂದು ಮಾತು: ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಏಣಿಯ ಒಂದೊಂದು ಮೆಟ್ಟಿಲಿಗೂ ಒಂದು ಕಾರ್ಡು. ಮಗು ತಾನಿರುವ ಮೆಟ್ಟಿಲನ್ನು ನೋಡಿಕೊಂಡು, ತಟ್ಟೆಯಿಂದ ತನ್ನ ಕಾರ್ಡನ್ನು ತಾನೇ ಎತ್ತಿಕೊಂಡು ಕೆಲಸ ಶುರು ಮಾಡುತ್ತದೆ. ಕೆಲವು ಮೆಟ್ಟಿಲುಗಳಿಗೆ ಮೇಷ್ಟ್ರ ಪೂರ್ತಿ ನೆರವು ಬೇಕು, ಕೆಲವಕ್ಕೆ ಗೆಳೆಯರ ನೆರವು ಸಾಕು, ಇನ್ನು ಕೆಲವನ್ನು ತಾನೊಬ್ಬನೇ ಮಾಡಬಹುದು. ಯಾವ ಮಗು ಎಲ್ಲಿದೆ ಎಂಬುದು ಪ್ರಗತಿ ನೋಟದಲ್ಲಿ ಗುರುತಾಗಿರುತ್ತದೆ. ಜ್ವರ ಬಂದು ಹದಿನೈದು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದ ಹತ್ತುತ್ತದೆ, ಬೇಗ ಹತ್ತುವ ಮಗುವನ್ನು ಯಾರೂ ಹಿಡಿದು ನಿಲ್ಲಿಸುವುದಿಲ್ಲ.

ನಲಿ-ಕಲಿಯನ್ನು ಆಡಿಕೊಳ್ಳುವವರು ಬೇಕಾದಷ್ಟು ಜನರಿದ್ದಾರೆ. ಕಾರ್ಡು ಹರಿದಿರುತ್ತದೆ, ಶಿಕ್ಷಕರು ಒಬ್ಬರೇ ಇರುತ್ತಾರೆ, ಮಕ್ಕಳು ಬರೀ ಆಡುತ್ತಾರೆ ಎಂದು ಹೇಳುವ ಶಿಕ್ಷಕರನ್ನೇ ನಾನು ಕಂಡಿದ್ದೇನೆ, ಅವರ ಮಾತಿನಲ್ಲಿ ಸುಳ್ಳೇನಿಲ್ಲ. ಆದರೆ ನಮ್ಮ ಹುಡುಗಿಯ ಮಟ್ಟಿಗೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ಯಾವ ದುಬಾರಿ ಶಾಲೆಯೂ ಕೊಡುತ್ತಿರಲಿಲ್ಲ. ಎರಡನೇ ತರಗತಿಯ ದಸರಾ ರಜೆಗೆ ಮುಂಚೆಯೇ ಅವಳು ಮೂರನೆಯದರ ಗಣಿತದ ಏಣಿಯಲ್ಲಿದ್ದಳು. ಅದು ನಮಗೆ ದೊಡ್ಡ ಸುದ್ದಿಯೆಂದು ಅನ್ನಿಸಿರಲಿಲ್ಲ, ಏಕೆಂದರೆ ಮೇಷ್ಟ್ರೂ ಅದನ್ನು ಸುದ್ದಿ ಮಾಡಿರಲಿಲ್ಲ. "ಮುಂದಿನ ಕಾರ್ಡು ತಗೊ" ಎಂದಿದ್ದರು, ಅಷ್ಟೇ.

ಅವಳು ಮೂರನೇ ತರಗತಿಯಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ಬರೆಯಬೇಕು. ಹಾಲಿನ ಡೈರಿಯವರು ಕೊಟ್ಟ ಕ್ಯಾಲೆಂಡರು ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ತೂಗುತ್ತಿತ್ತು. ಒಂದು ಸಂಜೆ ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಚೌಕ ಎಳೆದಿದ್ದಳು. ಅದರೊಳಗೆ 2, 3, 4, ಅವುಗಳ ಮುಂದಿನ ವಾರದ 9, 10, 11, ಅದರ ಮುಂದಿನ ವಾರದ 16, 17, 18 ಇದ್ದವು. "ಇವನ್ನೆಲ್ಲ ಕೂಡಿದ್ರೆ ತೊಂಬತ್ತು. ಕೂಡದೇನೇ ಹೇಳ್ಬೋದು, ನಡುವೆ ಇರೋದನ್ನ ಒಂಬತ್ತರಿಂದ ಗುಣಿಸಿದ್ರೆ ಆಯ್ತು" ಎಂದಳು. ನಾನು ಸೊಪ್ಪು ಬಿಡಿಸುತ್ತಿದ್ದವಳು ಕೈ ಒರೆಸಿಕೊಂಡು ಬೇರೆ ಬೇರೆ ಚೌಕ ಹಾಕಿ ಕೂಡಿ ನೋಡಿದೆ. ಸರಿಯಾಗಿಯೇ ಬಂತು. ಹೇಗೆ ಗೊತ್ತಾಯಿತೆಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಹೀಗಿತ್ತು: "ಹದಿನೆಂಟು ತನ್ನತ್ರ ಇರೋ ಎಂಟನ್ನ ಎದುರಿಗಿರೋ ಎರಡಕ್ಕೆ ಕೊಡುತ್ತೆ. ಆಗ ಇಬ್ರೂ ಹತ್ತತ್ತು. ಹದಿನೇಳು ಮೂರಕ್ಕೆ ಏಳು ಕೊಡುತ್ತೆ. ಹನ್ನೊಂದು ಒಂಬತ್ತಕ್ಕೆ ಒಂದು ಕೊಡುತ್ತೆ. ಹಿಂಗೆ ಎದುರುಬದುರು ಇರೋರು ಕೊಟ್ಟು ತಗೊಂಡ್ರೆ ಎಲ್ರೂ ನಡುವಿನವರಷ್ಟೇ ಆಗ್ತಾರೆ." ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಪದವಿಯಲ್ಲಿ ಗಣಿತ ಓದಿದವಳು. ಆ ಕ್ಯಾಲೆಂಡರಿನ ಮುಂದೆ ಮೂರು ವರ್ಷ ಹಾಲಿನ ಲೆಕ್ಕ ಬರೆದಿದ್ದೇನೆ, ನನಗೆ ಹೊಳೆದಿರಲಿಲ್ಲ. ಹಾಳೆಯನ್ನು ಹರಿದು ಎತ್ತಿಟ್ಟೆ.

ಮುಂದಿನ ವರ್ಷದ ಆಷಾಢದಲ್ಲಿ ವರ್ಗಾವಣೆಯ ಆದೇಶ ಬಂತು. ಬೇರೆ ಜಿಲ್ಲೆ, ಜಿಲ್ಲಾ ಕೇಂದ್ರ. ಮಗಳಾಗಲೇ ನಾಲ್ಕನೇ ತರಗತಿಗೆ ಹೋಗಲು ಆರಂಭಿಸಿ ಐದು ವಾರಗಳಾಗಿದ್ದವು. ಅತ್ತೆ ಮೊದಲ ದಿನವೇ ತಮ್ಮ ಅಭಿಪ್ರಾಯ ಹೇಳಿದರು: "ಮಗ ಇಲ್ಲೇ ಇರ್ಲಿ ಬುಡವ್ವ. ಐದ್ನೇ ಕ್ಲಾಸ್‌ಗಂಟ ನಾನ್ ನೋಡ್ಕತೀನಿ. ನವೋದಯ ಬರೀಲಿ." ಅತ್ತೆಯ ಮಾತಿನ ಹಿಂದೆ ಮೊಮ್ಮಗಳ ಮೇಲಿನ ಅಕ್ಕರೆ ಮಾತ್ರವಲ್ಲ, ಗಟ್ಟಿಯಾದ ಒಂದು ಲೆಕ್ಕವೂ ಇತ್ತು. ಜವಾಹರ್ ನವೋದಯ ವಿದ್ಯಾಲಯದ ಆರನೇ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸೀಟು, ಅವುಗಳಲ್ಲಿ ಕನಿಷ್ಠ ಶೇಕಡಾ 75 ಗ್ರಾಮೀಣ ಮಕ್ಕಳಿಗೆ. ಆದರೆ ಗ್ರಾಮೀಣ ಎನ್ನಿಸಿಕೊಳ್ಳಬೇಕಾದರೆ ಮೂರು, ನಾಲ್ಕು, ಐದನೇ ತರಗತಿಯನ್ನು ಹಳ್ಳಿಯ ಶಾಲೆಯಲ್ಲಿಯೇ ಓದಿರಬೇಕು. ಆ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಅಭ್ಯರ್ಥಿಯಾಗುತ್ತದೆ. ಐದನೇ ತರಗತಿ ಓದುತ್ತಿರುವ ಜಿಲ್ಲೆಯಲ್ಲಿಯೇ ಪರೀಕ್ಷೆ ಬರೆಯಬೇಕೆಂಬ ನಿಯಮ ಬೇರೆ. ವರ್ಗಾವಣೆಯಾಗುವ ಪೋಷಕರಲ್ಲಿ ಬಹಳ ಮಂದಿಗೆ ಇದು ಅರ್ಜಿ ತುಂಬುವ ದಿನ ಗೊತ್ತಾಗುತ್ತದೆ. ನಮಗೆ ಮುಂಚೆಯೇ ಗೊತ್ತಿತ್ತು. ಹಾಗಾಗಿ ಮೂರು ರಾತ್ರಿ ನಿದ್ದೆಗೆಟ್ಟೆವು.

ಕೊನೆಗೆ ಕರೆದುಕೊಂಡೇ ಹೋದೆವು. ಎರಡು ಗಂಟೆಯಲ್ಲಿ 80 ಪ್ರಶ್ನೆಗಳಿಗೆ ಗುರುತು ಹಾಕುವ ಒಂದು ಪರೀಕ್ಷೆಯ ಸಲುವಾಗಿ ಎಂಟು ವರ್ಷದ ಹುಡುಗಿಯನ್ನು ಎರಡು ವರ್ಷ ಅಪ್ಪ ಅಮ್ಮನಿಂದ ದೂರವಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ನವೋದಯ ಒಳ್ಳೆಯ ಶಾಲೆಯೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಜಾಣ ಮಗು ಎಂದೊಡನೆ ನಮ್ಮ ಕಡೆ ಎಲ್ಲರ ಬಾಯಿಗೂ ಬರುವುದು ನವೋದಯ, ಮೊರಾರ್ಜಿ, ಆದರ್ಶ ವಿದ್ಯಾಲಯ ಎಂಬ ಪ್ರವೇಶ ಪರೀಕ್ಷೆಗಳ ಪಟ್ಟಿ. ಅವೆಲ್ಲವೂ ಆರನೇ ತರಗತಿಗೆ. ಅಲ್ಲಿಯವರೆಗೆ ಆ ಮಗು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ ತರಗತಿಯಲ್ಲಿ ಏನು ಮಾಡುತ್ತಿರಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಹೊಸ ಊರಿನಲ್ಲಿ ನಾವು ಮತ್ತೆ ಸರ್ಕಾರಿ ಶಾಲೆಯನ್ನೇ ಹುಡುಕಿದೆವು. ಬಾಡಿಗೆ ಮನೆಯ ಮಾಲೀಕರಿಗೆ ಇದು ಅರ್ಥವಾಗಲೇ ಇಲ್ಲ. "ಇಬ್ರಿಗೂ ಸಂಬಳ ಬರುತ್ತೆ, ಕಾನ್ವೆಂಟಿಗೆ ಹಾಕ್ಬಾರ್ದಾ?" ಎಂದು ಮೂರು ಸಲ ಕೇಳಿದರು. ಸೇರಿಸುವುದೇನೋ ಸುಲಭವಾಯಿತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಮಗುವಿಗೆ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವ ಹಕ್ಕಿದೆ. ಹಳೆಯ ಶಾಲೆಯ ಮುಖ್ಯ ಶಿಕ್ಷಕರು ಟಿಸಿಯನ್ನು ಕೂಡಲೇ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. ಶಾಲಾ ಮಕ್ಕಳ ದಾಖಲೆಯಿಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಹಳ್ಳಿಯ ಶಾಲೆಯವರು ಹೆಸರನ್ನು ಬಿಡುಗಡೆ ಮಾಡಲು ನಾಲ್ಕು ದಿನ ಹಿಡಿಯಿತು, ಅದೂ ಅಲ್ಲಿ ನೆಟ್‌ವರ್ಕ್ ಇರಲಿಲ್ಲವೆಂದು. ಆ ನಾಲ್ಕು ದಿನವೂ ಅವಳು ಹೊಸ ತರಗತಿಯಲ್ಲಿ ಕುಳಿತಿದ್ದಳು, ಬಿಸಿಯೂಟ ಮಾಡಿದಳು.

ಮುಖ್ಯ ಶಿಕ್ಷಕರು ಸಜ್ಜನರು. ಪ್ರಗತಿ ಪತ್ರದ ಎ+ ಗಳನ್ನು ನೋಡಿ, "ಜಾಣೆ ಅಂತ ಕಾಣುತ್ತೆ, ಇಂಗ್ಲಿಷ್ ಮೀಡಿಯಂ ಸೆಕ್ಷನ್‌ಗೆ ಹಾಕಿಬಿಡೋಣ ಮೇಡಂ, ಚೆನ್ನಾಗಿ ಓದೋ ಮಕ್ಕಳೆಲ್ಲ ಅಲ್ಲೇ ಇದ್ದಾರೆ" ಎಂದರು. ಅವರ ದೃಷ್ಟಿಯಲ್ಲಿ ಅದು ಉಪಕಾರ. ಊರು, ಮನೆ, ಗೆಳತಿಯರು, ಮೇಷ್ಟ್ರು ಎಲ್ಲವೂ ಒಟ್ಟಿಗೇ ಬದಲಾದ ವಾರದಲ್ಲಿ ಅವಳು ಯೋಚಿಸುವ ಭಾಷೆಯನ್ನೂ ಬದಲಿಸುವುದು ಬೇಡವೆನ್ನಿಸಿ ನಾನು ಒಪ್ಪಲಿಲ್ಲ. "ಹದಿನೆಂಟು ತನ್ನತ್ರ ಇರೋ ಎಂಟನ್ನ ಎರಡಕ್ಕೆ ಕೊಡುತ್ತೆ" ಎಂಬುದನ್ನು ಅವಳು ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದರೆ ತಡವರಿಸುತ್ತಾಳೆ, ತಡವರಿಸುವ ಮಗು ಆ ತರಗತಿಯಲ್ಲಿ ದಡ್ಡ ಮಗುವೇ ಆಗಿಬಿಡುತ್ತದೆ. ಆ ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಬೇರೆ ಮಗು, ಬೇರೆ ಹೊತ್ತಿನಲ್ಲಿ, ಬೇರೆ ಉತ್ತರ ಸರಿಯಿರಬಹುದು.

ಮೊದಲ ಎರಡು ತಿಂಗಳು ಏನೂ ತಪ್ಪಾಗಿ ಕಾಣಲಿಲ್ಲ. ಮೊದಲ ರೂಪಣಾತ್ಮಕ ಪರೀಕ್ಷೆಯಲ್ಲಿ ಎಲ್ಲ ವಿಷಯದಲ್ಲೂ ಎ+ ಬಂತು. ಅವಳನ್ನು ಕ್ಲಾಸ್ ಲೀಡರ್ ಮಾಡಿದರು. ಟೀಚರ್ ಆಫೀಸಿಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು, ಕಾಪಿ ಪುಸ್ತಕ ಒಟ್ಟು ಮಾಡುವುದು, ಲೆಕ್ಕ ಬಾರದ ಮಕ್ಕಳ ಪಕ್ಕ ಕುಳಿತು ಹೇಳಿಕೊಡುವುದು ಅವಳ ಕೆಲಸಗಳಾದವು. ಇವೆಲ್ಲ ಗೌರವವೆಂದು ನಾವೂ ಖುಷಿಪಟ್ಟೆವು. ಆಮೇಲೆ ನಿಧಾನವಾಗಿ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಿದ್ದಳು, ಭಾನುವಾರ ಎನ್ನುತ್ತಿರಲಿಲ್ಲ. ಲೆಕ್ಕದ ಪುಸ್ತಕದ ಅಂಚಿನಲ್ಲೆಲ್ಲ ಸಣ್ಣ ಸಣ್ಣ ಚೌಕಗಳು, ಒಂದರೊಳಗೊಂದು, ಪುಟ ತುಂಬಾ. ಏನಿದು ಎಂದು ಕೇಳಿದಾಗ, "ಕಾಯ್ತಾ ಇರ್ತೀನಲ್ಲ, ಅವಾಗ ಹಾಕೋದು" ಎಂದಳು. ಯಾರನ್ನು ಕಾಯುವುದು? "ಎಲ್ರನ್ನೂ."

ಗ್ರೇಡು ಎ+ ಇರುವ ಮಗುವಿಗೆ ತೊಂದರೆಯಿದೆ ಎಂದು ಶಾಲೆಗೆ ಹೋಗಿ ಹೇಳುವುದು ಹೇಗೆ? ಹಿಂದುಳಿದ ಮಕ್ಕಳಿಗೆ ಪರಿಹಾರ ಬೋಧನೆ ಎಂಬ ಹೆಸರಿದೆ, ಅವರ ಪಟ್ಟಿಯಿದೆ, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಬಂದಾಗ ಕೇಳುವ ದಾಖಲೆಯಿದೆ. ಮುಂದೆ ಹೋಗಿ ನಿಂತು ಕಾಯುತ್ತಿರುವ ಮಗುವಿಗೆ ಆ ಕಪಾಟಿನಲ್ಲಿ ಒಂದು ಫೈಲೂ ಇರಲಿಲ್ಲ. ನಾನು ಎರಡು ಸಲ ಹೋದೆ, ಎರಡು ಸಲವೂ ತಪ್ಪಾಗಿಯೇ ಮಾತಾಡಿದೆ.

ಮೊದಲ ಸಲ ಡಬಲ್ ಪ್ರಮೋಷನ್ ಕೇಳಿದೆ. ನಮ್ಮ ತಂದೆಯ ಕಾಲದಲ್ಲಿ ಚುರುಕಾದ ಹುಡುಗರನ್ನು ಒಂದು ತರಗತಿ ಹಾರಿಸಿ ಕೂರಿಸುವುದು ಮಾಮೂಲಾಗಿತ್ತು. ಅದೇ ನೆನಪಿನಲ್ಲಿ ಐದಕ್ಕೆ ಹಾಕಿ ಎಂದೆ. ಮುಖ್ಯ ಶಿಕ್ಷಕರು ನಕ್ಕು, "ವಯಸ್ಸು ನೋಡಿ ಸ್ಯಾಟ್ಸೇ ತಗೊಳ್ಳಲ್ಲ ಮೇಡಂ" ಎಂದರು. ಅವರು ಹಾಗೆಂದದ್ದು ಒಳ್ಳೆಯದೇ ಆಯಿತು, ಏಕೆಂದರೆ ಅವಳ ಕನ್ನಡದ ಬರವಣಿಗೆ ನಾಲ್ಕನೆಯ ತರಗತಿಯದೇ, ಜಗಳವಾದಾಗ ಅಳುವುದು ಎರಡನೆಯದು. ಗಣಿತ ಒಂದೇ ಓಡುತ್ತಿತ್ತು. ಒಂದು ಕಾಲು ಮುಂದಿದೆಯೆಂದು ಇಡೀ ಮಗುವನ್ನು ಎತ್ತಿ ಮುಂದಿಡಿ ಎಂದು ಕೇಳಿದ್ದೆ.

ಎರಡನೆಯ ಸಲ ಕಾನೂನು ಹಿಡಿದು ಹೋದೆ. ಖಜಾನೆಯವರಿಗೆ ಅದೊಂದು ಚಟ. ಯಾವ ಬಿಲ್ಲು ಬಂದರೂ ಯಾವ ಆದೇಶದ ಮೇಲೆ ಎಂದು ಕೇಳುವ ಬಾಯಿ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಅದರಲ್ಲಿ ಪ್ರತಿಯೊಂದು ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅದಕ್ಕೆ ತಕ್ಕಂತೆ ಅಗತ್ಯವಿದ್ದರೆ ಹೆಚ್ಚಿನ ಬೋಧನೆ ಕೊಡಬೇಕು ಎಂದಿದೆ. ಪ್ರತಿ ಮಗು ಎಂದರೆ ಹಿಂದಿರುವ ಮಗು ಮಾತ್ರವಲ್ಲ ಎಂಬುದು ನನ್ನ ವಾದ. 29ನೇ ಕಲಂನಲ್ಲಿ ಮಗುವಿನ ದೈಹಿಕ, ಮಾನಸಿಕ ಶಕ್ತಿಗಳು ಪೂರ್ಣ ಪ್ರಮಾಣದಲ್ಲಿ ಬೆಳೆಯಬೇಕು ಎಂಬ ಮಾತೂ ಇದೆ. ಇವೆರಡನ್ನೂ ಅಚ್ಚು ಹಾಕಿಸಿ, ಗೆರೆ ಎಳೆದು, ಟೀಚರ್ ಮೇಜಿನ ಮೇಲಿಟ್ಟೆ. ಅವರು ಓದಿದರು. ಓದಿ, ಹಾಳೆಯನ್ನು ನನ್ನ ಕಡೆಗೇ ತಿರುಗಿಸಿಟ್ಟು, "ನಲವತ್ಮೂರು ಮಕ್ಕಳು ಮೇಡಂ. ಹನ್ನೊಂದು ಮಕ್ಕಳಿಗೆ ದಶಕ ತಗೊಂಡು ಕಳೆಯೋದು ಇನ್ನೂ ಬರಲ್ಲ. ಮಧ್ಯಾಹ್ನ ಮೊಟ್ಟೆ ಲೆಕ್ಕ ನಾನೇ ಬರೀಬೇಕು. ನಿಮ್ಮ ಮಗಳು ಚೆನ್ನಾಗೇ ಇದ್ದಾಳಲ್ಲ" ಎಂದರು. ಧ್ವನಿ ಏರಿಸಲಿಲ್ಲ. ನಾನು ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಕಾನೂನು ನನ್ನ ಪರವಾಗಿಯೇ ಇತ್ತು, ಆದರೆ ಮರುದಿನ ಬೆಳಿಗ್ಗೆ ಆ ಕೋಣೆಯಲ್ಲಿ ಮಗಳ ಜೊತೆ ಇರುವವರು ಅವರು, ಕಾನೂನಲ್ಲ.

ನಾನು ಕೇಳುತ್ತಿದ್ದುದಕ್ಕೆ ನಮ್ಮಲ್ಲಿ ಸರಿಯಾದ ಹೆಸರೇ ಇಲ್ಲದಿರುವುದೂ ತೊಡಕಿಗೆ ಒಂದು ಕಾರಣ. ಪ್ರತಿಭೆ ಎಂದರೆ ಸರ್ಕಾರಿ ಶಾಲೆಯಲ್ಲಿ ಪ್ರತಿಭಾ ಕಾರಂಜಿ: ಕಂಠಪಾಠ, ಛದ್ಮವೇಷ, ಭಕ್ತಿಗೀತೆ, ಕ್ಲಸ್ಟರ್ ಮಟ್ಟದ ಪ್ರಮಾಣಪತ್ರ. "ನಿಮ್ಮ ಮಗಳು ಪ್ರತಿಭಾವಂತೆ ಅಂತೀರಲ್ಲ, ಹಾಡಕ್ಕೆ ಬರುತ್ತಾ?" ಎಂದು ದೈಹಿಕ ಶಿಕ್ಷಕರು ನಿಜವಾದ ಕಾಳಜಿಯಿಂದಲೇ ಕೇಳಿದ್ದರು. ಜಾಣೆ ಎಂದರೆ ಅಂಕ ತೆಗೆಯುವವಳು. ಅಂಕದ ಆಚೆ ಹಸಿವಿರುವ ಮಗುವಿಗೆ ಯಾವ ಪದ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ನಿಯಾಸ್ ಸಂಸ್ಥೆ ಇಂಥ ಮಕ್ಕಳನ್ನು ಗುರುತಿಸಿ ಬೆಳೆಸುವ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ವಿಶೇಷ ಪ್ರತಿಭೆಯ ಮಕ್ಕಳಿಗೆಂದು ಕೆಲವು ಪ್ಯಾರಾಗಳಿದ್ದು, ಗಣಿತ ವೃತ್ತ, ವಿಜ್ಞಾನ ವೃತ್ತಗಳ ಮಾತು ಬರುತ್ತದೆ. ಆ ನೀತಿ ಬೇಕೋ ಬೇಡವೋ ಎಂಬ ಜಗಳ ನಮ್ಮ ರಾಜ್ಯದಲ್ಲಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಎಲ್ಲರಿಗೂ ಗೊತ್ತು. ಆ ಪ್ಯಾರಾಗಳು ನಮ್ಮ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಹೆಸರಿದ್ದ ಮಾತ್ರಕ್ಕೆ ಸುಲಭವಾಗುತ್ತದೆ ಎಂದೇನೂ ಇಲ್ಲ. ನನ್ನ ಚಿಕ್ಕಪ್ಪನ ಮಗಳು ಅಮೆರಿಕದಲ್ಲಿದ್ದಾಳೆ. ಟೆಕ್ಸಾಸ್ ರಾಜ್ಯದಲ್ಲಿ ಇಂಥ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ಪಾಠದ ಏರ್ಪಾಡು ಮಾಡುವುದು ಸಾರ್ವಜನಿಕ ಶಾಲೆಗಳಿಗೆ ಕಾನೂನಿನಿಂದಲೇ ಕಡ್ಡಾಯ. ಅವಳ ಮಗನಿಗೆ ಆ ಪಟ್ಟಿಯಲ್ಲಿ ಜಾಗವಿತ್ತು. ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಾಯಿಸಿದರೆ ಅಲ್ಲಿ ಅಂಥ ಕಡ್ಡಾಯವಿಲ್ಲ, ಅದಕ್ಕೆಂದೇ ಇದ್ದ ಅನುದಾನವೂ 2013ರಲ್ಲಿ ಸಾಮಾನ್ಯ ಅನುದಾನದೊಳಗೆ ಕರಗಿಹೋಗಿದೆ. "ಅಕ್ಕ, ಅಲ್ಲಿ ಕೊಟ್ಟಿದ್ದ ಪಟ್ಟ ಇಲ್ಲಿ ನಡೆಯಲ್ಲ, ಮತ್ತೆ ಮೊದಲಿಂದ ಹೇಳ್ಬೇಕು ಇವರಿಗೆ" ಎಂದು ಅವಳು ಫೋನಿನಲ್ಲಿ ಗೊಣಗಿದಾಗ ನನಗೆ ಸಮಾಧಾನವಾಯಿತೆಂದರೆ ತಪ್ಪು ತಿಳಿಯಬಾರದು. ಆ ಮಾತಿನಲ್ಲಿ ನನಗೆ ಬೇಕಾದದ್ದು ಸಿಕ್ಕಿತ್ತು. ಪಟ್ಟ ಊರು ದಾಟುವುದಿಲ್ಲ. ದಾಟಬೇಕಾದದ್ದು ಎಲ್‌ಪಿಸಿ.

ಆ ಭಾನುವಾರ ಕುಳಿತು ಮಗಳಿಗೊಂದು ಎಲ್‌ಪಿಸಿ ಬರೆದೆ. ಮೊದಲು ನಾಲ್ಕು ಪುಟವಾಯಿತು. ನಲವತ್ಮೂರು ಮಕ್ಕಳ ಟೀಚರ್ ನಾಲ್ಕು ಪುಟ ಓದಲಾರರೆಂದು ಹರಿದು, ಒಂದೇ ಹಾಳೆಗೆ ಇಳಿಸಿದೆ. ಜಾಣೆ, ಬುದ್ಧಿವಂತೆ, ಪ್ರತಿಭೆ ಎಂಬ ಪದಗಳನ್ನೆಲ್ಲ ಹೊಡೆದುಹಾಕಿದೆ. ಗಣಿತದಲ್ಲಿ ಮೂರನೇ ತರಗತಿಯ ಏಣಿಯನ್ನು ಯಾವ ತಿಂಗಳಲ್ಲಿ ಮುಗಿಸಿದಳು, ಅದಾದ ಮೇಲೆ ಮೇಷ್ಟ್ರು ಏನು ಕೊಡುತ್ತಿದ್ದರು, ಈಗ ಕಾಗದವಿಲ್ಲದೆ ಏನು ಮಾಡುತ್ತಾಳೆ, ಏನನ್ನು ಮಾಡಲು ಬಾರದು, ಯಾವಾಗ ತಾಳ್ಮೆ ಕಳೆದುಕೊಳ್ಳುತ್ತಾಳೆ ಎಂದು ಬರೆದೆ. ಬಾರದಿರುವುದರ ಪಟ್ಟಿ ಬಂದಿರುವುದರಷ್ಟೇ ಉದ್ದವಾಗಿತ್ತು: ಒತ್ತಕ್ಷರ ತಪ್ಪುತ್ತಾಳೆ, ಹೆಜ್ಜೆ ಬರೆಯದೆ ಉತ್ತರ ಬರೆಯುತ್ತಾಳೆ, ಸೋತರೆ ಆಟ ಬಿಟ್ಟು ಹೋಗುತ್ತಾಳೆ. ಹಳೆಯ ಶಾಲೆಯಲ್ಲಿ ಅವಳ ಕೆಲಸದ ಹಾಳೆಗಳನ್ನು ಕೂಡಿಟ್ಟಿದ್ದ ಕೃತಿಸಂಪುಟದಿಂದ ಮೂರು ಹಾಳೆ ಆರಿಸಿ, ಪೆನ್ಸಿಲಿನ ಚೌಕವಿದ್ದ ಕ್ಯಾಲೆಂಡರಿನ ಪುಟವನ್ನೂ ಜೊತೆಗೆ ಪಿನ್ನು ಮಾಡಿದೆ. ಕೊನೆಯಲ್ಲಿ ಬೇಡಿಕೆ ಒಂದೇ: ತರಗತಿಯ ಲೆಕ್ಕ ಮುಗಿಸಿದ ಮೇಲೆ ಅವಳು ತೆಗೆದುಕೊಳ್ಳಲು ಕಿಟಕಿಯ ಮೇಲೆ ಒಂದು ಡಬ್ಬಿಯಲ್ಲಿ ಕಾರ್ಡುಗಳಿರಲಿ, ಕಾರ್ಡು ಬರೆಯುವ ಕೆಲಸ ನನ್ನದು, ಯಾವುದು ಬೇಕು ಬೇಡ ಎನ್ನುವುದು ಟೀಚರದು.

ಅದನ್ನು ಕೊಡುವ ಮುಂಚೆ ಹಳ್ಳಿಯ ಮೇಷ್ಟ್ರಿಗೆ ಫೋನು ಮಾಡಿ ಓದಿ ಹೇಳಿದೆ. ಅವರು ಎರಡು ಕಡೆ ತಿದ್ದಿಸಿದರು. ಆಮೇಲೆ, "ಆ ಟೀಚರ್ ನಂಬರ್ ಕೊಡಿ, ನಾನೇ ಒಂದು ಮಾತು ಹೇಳ್ತೀನಿ" ಎಂದರು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ತಾಯಿ ಹೇಳಿದರೆ ಹೊಗಳಿಕೆ ಎನ್ನಿಸುವುದು ಮೇಷ್ಟ್ರು ಮೇಷ್ಟ್ರಿಗೆ ಹೇಳಿದರೆ ಮಾಹಿತಿಯಾಗುತ್ತದೆ. 1935ರಲ್ಲಿ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಎರಡು ದಿನ ನಡೆದು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದದ್ದನ್ನು ನಮ್ಮಲ್ಲಿ ಎಲ್ಲರೂ ಹುಡುಗನ ಛಲದ ಕಥೆಯಾಗಿ ಹೇಳುತ್ತಾರೆ. ಊರಿನಲ್ಲಿ ಅವರಿಗೆ ಪಾಠ ಹೇಳಿದ್ದ ಮೇಷ್ಟ್ರು ಅಷ್ಟರಲ್ಲಿ ಆ ಹೈಸ್ಕೂಲಿಗೆ ಬಂದಿದ್ದರು ಎಂಬುದೂ ಅದೇ ಕಥೆಯಲ್ಲಿದೆ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಆ ಹುಡುಗ ಏನೆಂದು ಗೊತ್ತಿದ್ದ ಒಬ್ಬರು ಹೊಸ ಶಾಲೆಯೊಳಗೆ ಮೊದಲೇ ಇದ್ದರು. ನನಗೆ ಈಗ ಆ ಕಥೆಯಲ್ಲಿ ಎಂಬತ್ತು ಚಿಲ್ಲರೆ ಕಿಲೋಮೀಟರಿಗಿಂತ ಅದೇ ದೊಡ್ಡದಾಗಿ ಕಾಣುತ್ತದೆ.

ಇಬ್ಬರೂ ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ. 'ಸಮುದಾಯದತ್ತ ಶಾಲೆ' ಕಾರ್ಯಕ್ರಮಕ್ಕೆ ಹೋದಾಗ ಟೀಚರ್ ತಾವೇ 'ಬನ್ನಿ' ಎಂದು ಕರೆದು, ಹಾಳೆಯನ್ನು ತಮ್ಮ ಪಾಠಯೋಜನೆಯ ಪುಸ್ತಕದಿಂದ ತೆಗೆದರು. ಒತ್ತಕ್ಷರದ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಇತ್ತು. "ಇದನ್ನ ನೀವೇ ಬರೆದಿದ್ರಲ್ಲ, ಅದಕ್ಕೆ ಉಳಿದಿದ್ದನ್ನೂ ಓದಿದೆ" ಎಂದರು. ಡಬ್ಬಿಗೆ ಒಪ್ಪಿದರು, ಎರಡು ಷರತ್ತಿನ ಮೇಲೆ. ಡಬ್ಬಿ ಅವಳೊಬ್ಬಳದಲ್ಲ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಮತ್ತೆ, ಹೆಜ್ಜೆ ಬರೆಯದೆ ಉತ್ತರ ಬರೆದರೆ ಕಾರ್ಡು ವಾಪಸ್ಸು. ಎರಡೂ ನನ್ನ ತಲೆಗೆ ಬಂದಿರದ ಮಾತುಗಳು, ಎರಡೂ ನನ್ನ ಬೇಡಿಕೆಗಿಂತ ಉತ್ತಮವಾಗಿದ್ದವು. ಲೆಕ್ಕ ಬಾರದವರ ಪಕ್ಕ ಕೂರಿಸುವುದನ್ನು ವಾರಕ್ಕೆ ಒಂದು ದಿನಕ್ಕೆ ಇಳಿಸಿದರು. ಬೋರ್ಡಿನ ಮೇಲೆ ಹೆಸರು ಬರೆಯುವ ಕೆಲಸ ಮಾತ್ರ ಅವಳಲ್ಲೇ ಉಳಿಯಿತು; ಅದು ಅವಳಿಗೆ ಇಷ್ಟವೇ ಆಗಿತ್ತೆಂದು ಆಮೇಲೆ ತಿಳಿಯಿತು.

ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಡಿಸೆಂಬರಿನಲ್ಲಿ ಟೀಚರ್ ತರಬೇತಿಗೆಂದು ಹೋದ ಹತ್ತು ದಿನ ಡಬ್ಬಿ ಬೀರುವಿನಲ್ಲಿ ಬೀಗದೊಳಗಿತ್ತು, ಹೊಟ್ಟೆನೋವು ಮರಳಿ ಬಂತು. ಗ್ಯಾರೇಜಿನಲ್ಲಿ ಕೆಲಸ ಮಾಡುವವರ ಮಗನೊಬ್ಬ ಡಬ್ಬಿಯ ಕಾರ್ಡುಗಳನ್ನು ಇವಳಿಗಿಂತ ಬೇಗ ಮುಗಿಸತೊಡಗಿದಾಗ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಆ ಹುಡುಗ ಇಂಥವನೆಂದು ಅಲ್ಲಿಯವರೆಗೆ ಟೀಚರಿಗೂ ಗೊತ್ತಿರಲಿಲ್ಲವಂತೆ. ಅವನ ಪರವಾಗಿ ಹಾಳೆ ಬರೆದು ತರುವವರು ಯಾರೂ ಇರಲಿಲ್ಲ. ಆ ವಿಷಯ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಈಗ ಡಬ್ಬಿಗೆ ಕಾರ್ಡು ಬರೆಯುವಾಗ ಇಬ್ಬರನ್ನೂ ನೆನೆದು ಬರೆಯುತ್ತೇನೆ.

ಮಾರ್ಚ್ ಕೊನೆಯಲ್ಲಿ ಒಂದು ಸಂಜೆ ಅವಳು ಚಪ್ಪಲಿ ಬಿಚ್ಚದೆ ನೇರ ಕ್ಯಾಲೆಂಡರಿನ ಮುಂದೆ ಹೋಗಿ ನಿಂತಳು. ನಾನು ಪಿನ್ನು ಮಾಡಿದ್ದ ಆ ಹಳೆಯ ಪುಟವನ್ನು ಟೀಚರ್ ಅವತ್ತು ತೆಗೆದು ತೋರಿಸಿ, "ಮೂರು ಮೂರರ ಚೌಕಕ್ಕೆ ನಡುವಿನ ಮನೆ ಇದೆ, ಸರಿ. ನಾಲ್ಕು ನಾಲ್ಕರದಕ್ಕೆ ನಡುವಿನ ಮನೆಯೇ ಇಲ್ಲವಲ್ಲ, ಆಗೇನು ಮಾಡ್ತೀಯ?" ಎಂದು ಕೇಳಿದರಂತೆ. ಉತ್ತರವೇನೆಂದು ಇವಳು ತಿರುಗಿ ಕೇಳಿದ್ದಕ್ಕೆ, "ನನಗೂ ಗೊತ್ತಿಲ್ಲ, ನೀನೇ ನೋಡ್ಕೊಂಡು ಬಂದು ಹೇಳು" ಎಂದರಂತೆ.

1ರಿಂದ 4, 8ರಿಂದ 11, 15ರಿಂದ 18, 22ರಿಂದ 25. ಪೆನ್ಸಿಲಿನಿಂದ ಚೌಕ ಹಾಕಿ, ಈ ಸಲ ಹೆಜ್ಜೆ ಬರೆಯುತ್ತಾ ಕೂಡಿದಳು, 208 ಬಂತು. ಮೂಲೆಯ ನಾಲ್ಕನ್ನು ಕೂಡಿದಳು, 52. ನಡುವಿನ ನಾಲ್ಕನ್ನು ಕೂಡಿದಳು, ಅದೂ 52. ಬಹಳ ಹೊತ್ತು ಸುಮ್ಮನಿದ್ದಳು. ನಾನು ಒಲೆ ಆರಿಸಿ ಬಾಗಿಲಲ್ಲಿ ನಿಂತಿದ್ದೆ.

"ಅಮ್ಮ, ಎಲ್ರೂ ಕೊಟ್ಟು ತಗೊಂಡ್ರೆ ಹದಿಮೂರು ಹದಿಮೂರು ಆಗ್ತಾರೆ. ಆದ್ರೆ ಹದಿಮೂರು ಈ ಚೌಕದೊಳಗೆ ಇಲ್ವೇ ಇಲ್ಲ ನೋಡು" ಎಂದಳು.

ನೋಡಿದೆ. ಇರಲಿಲ್ಲ. ಅವಳು ಹಾಳೆಯನ್ನು ಹರಿದುಕೊಳ್ಳಬಹುದೇ ಎಂದು ಕೇಳಿದಳು. ತಿಂಗಳು ಮುಗಿಯಲು ಇನ್ನೂ ನಾಲ್ಕು ದಿನವಿತ್ತು, ಹಾಲಿನ ಲೆಕ್ಕ ಅದರ ಮೇಲೆಯೇ ಇತ್ತು. ಹರಿದುಕೊ ಎಂದೆ.